ರೇಡಿಯೋನ ಹಲ್ಲು

ಬಾಗಿಲ ಬೀಗ ತೆಗೆದು ಒಳಗೆ ಬಂದವಳು ಹೆಗಲ ಚೀಲವನ್ನೂ ಇಳಿಸದೆ ನೆಟ್ಟಗೆ ಕಿಟಕಿಯ ಹತ್ತಿರ ಹೋದಳು. ಇದು ಅವಳ ದಿನನಿತ್ಯದ ಅಭ್ಯಾಸವೇ. ಆದರೆ ಇವತ್ತು ಕೈ ಚಿಲಕದ ಮೇಲೆ ಹಾಗೇ ನಿಂತುಬಿಟ್ಟಿತು. ತೆರೆದರೆ ಧ್ವನಿ ಕೇಳಿಸಬೇಕು. ಕೇಳಿಸದೇ ಹೋದರೆ ಏನು ಮಾಡುವುದೆಂದು ಅವಳು ಯೋಚಿಸಿರಲಿಲ್ಲ. ಗಾಜಿನಾಚೆ ಎದುರಿನ ಬಸ್ ನಿಲ್ದಾಣ ಕಾಣುತ್ತಲೇ ಇರಲಿಲ್ಲ. ವಾರದಿಂದ ಊರಿನ ಮೇಲೆ ಕೂತಿದ್ದ ಹೊಗೆ ಬೆಳಗಿನ ಮಂಜಿನ ಜೊತೆ ಸೇರಿ, ಒಗೆಯದ ಬಟ್ಟೆಯ ಹಾಗೆ ರಸ್ತೆಯ ಮೇಲೆ ಜೋತುಬಿದ್ದಿತ್ತು. ಅದರೊಳಗೆ ಎಲ್ಲೋ ಬಸ್ಸುಗಳು ಎಂಜಿನ್ ಆರಿಸದೆ ಗುರುಗುಟ್ಟುತ್ತ ನಿಂತಿದ್ದವು. ಅವಳು ಚಿಲಕ ಎತ್ತಿದಳು. ಮೊದಲು ಡೀಸೆಲ್ಲಿನ ವಾಸನೆ ಒಳಗೆ ಬಂತು, ಅದರ ಹಿಂದೆಯೇ ಮೈಕಿಗೆ ಉಫ್ ಉಫ್ ಎಂದು ಊದಿದ ಸದ್ದು, ಆಮೇಲೆ ಧ್ವನಿ. "ಪ್ರಯಾಣಿಕರ ಗಮನಕ್ಕೆ. ಬೆಟ್ಟದ ಕಡೆ ಹೋಗುವ ಮೊದಲನೇ ಬಸ್ಸು ಮೂರನೇ ಅಂಕಣದಿಂದ ಹೊರಡಲು ಸಿದ್ಧವಾಗಿದೆ." ಬದುಕಿದ್ದಾನೆ, ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ತನಗೇ ಗಾಬರಿಯಾಗಿ, ಚೀಲ ಇಳಿಸಿ, ಕೈ ತೊಳೆಯಲು ಹೋದಳು.

ಅವನನ್ನು ನಿಲ್ದಾಣದವರೆಲ್ಲ ರೇಡಿಯೋ ಎಂದೇ ಕರೆಯುತ್ತಿದ್ದರು. ಪೆಟ್ಟಿಗೆಯಂಥ ಗಾಜಿನ ಕೋಣೆಯಲ್ಲಿ ಕೂತು ಬೆಳಗಿನಿಂದ ಸಂಜೆಯವರೆಗೆ ಬಸ್ಸುಗಳನ್ನು ಕೂಗುವುದು ಅವನ ಕೆಲಸ. ಆ ಪೆಟ್ಟಿಗೆಯ ಒಂದು ಗಾಜು ಒಡೆದು ಎಷ್ಟೋ ಕಾಲವಾಗಿತ್ತು. ಹಿಂದಕ್ಕೆ ಸರಿಯುವ ಬಸ್ಸುಗಳೆಲ್ಲ ಅದರೊಳಕ್ಕೇ ಹೊಗೆ ಉಗುಳಿ ಹೋಗುತ್ತಿದ್ದವು. ಮೈಕಿನ ಗುಂಡಿಯೂ ನೆಟ್ಟಗಿರಲಿಲ್ಲ. ಆರಿಸಿದ್ದೇನೆ ಎಂದು ಅವನು ತಿಳಿದಾಗಲೂ ಅದು ಹೊತ್ತಿಕೊಂಡೇ ಇರುತ್ತಿತ್ತು. ಹಾಗಾಗಿ ಅವನು ಚಹಾ ಹೀರಿದ್ದು, ಆಕಳಿಸಿದ್ದು, ಫೋನಿನಲ್ಲಿ ಮಗಳನ್ನು ಗದರಿ ಕೊನೆಗೆ ತಾನೇ ಸೋತದ್ದು ಎಲ್ಲವೂ ಬೀದಿಗೆ ಕೇಳುತ್ತಿತ್ತು. ಒಮ್ಮೆ ಮೇಲಧಿಕಾರಿಯನ್ನು ಕುಂಬಳಕಾಯಿ ಎಂದು ಬೈದದ್ದನ್ನು ಆ ಅಧಿಕಾರಿಯೇ ನಿಲ್ದಾಣದ ನಡುವೆ ನಿಂತು ಕೇಳಿಸಿಕೊಂಡನಂತೆ. ಆ ಕಥೆ ಹೇಳಿಕೊಂಡು ಕಂಡಕ್ಟರುಗಳು ಇವತ್ತಿಗೂ ನಗುತ್ತಾರೆ. ರಸ್ತೆಯ ಈಚೆ, ಮೊದಲ ಮಹಡಿಯ ದಂತ ಚಿಕಿತ್ಸಾಲಯದಲ್ಲಿ, ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಕೂತಾಗ ಅವಳಿಗೆ ಆ ಧ್ವನಿಯೇ ಜೊತೆ. ಮನೆಗೆ ಹೋದರೆ ಮಾತಾಡುವವರು ಯಾರೂ ಇಲ್ಲ. ಅಮ್ಮ ಹೋದ ಮೇಲೆ ಅಲ್ಲಿ ಮಾತೆಂದರೆ ಹಾಲಿನವನ ಜೊತೆ ಆಡುವ ಒಂದೆರಡು ಶಬ್ದ. ಬೇರೆಯವರು ಗಡಿಯಾರ ನೋಡುವ ಹಾಗೆ ಅವಳು ಅವನನ್ನು ಕೇಳುತ್ತಿದ್ದಳು. ಅವನಿಗೆ ನೆಗಡಿಯಾದರೆ ಅವಳಿಗೆ ಗೊತ್ತಾಗುತ್ತಿತ್ತು. ಹೊಗೆ ಬರುತ್ತೆ, ಕಿಟಕಿ ಹಾಕಿ ಮೇಡಂ ಎಂದು ಸಹಾಯಕಿ ಎಷ್ಟು ಗೊಣಗಿದರೂ ಅವಳು ಕಿಟಕಿ ಮುಚ್ಚಲು ಬಿಟ್ಟಿರಲಿಲ್ಲ, ಯಾಕೆಂದು ಹೇಳಿಯೂ ಇರಲಿಲ್ಲ. ವರ್ಷಗಟ್ಟಲೆ ಹೀಗೆ ಕೇಳಿದವಳು ಅವನ ಮುಖ ಮಾತ್ರ ನೋಡಿರಲಿಲ್ಲ.

ಆ ಧ್ವನಿ ಒಂದು ದಿನ ಮೆಟ್ಟಿಲು ಹತ್ತಿ ಬಂದು, "ಒಳಗೆ ಬರ್ಬಹುದಾ ಡಾಕ್ಟ್ರೇ" ಎಂದಿತು. ಅವಳು ತಿರುಗಿ ನೋಡುವ ಮೊದಲೇ ಗುರುತು ಹಿಡಿದಳು. ತಿರುಗಿ ನೋಡಿದಾಗ ಬಾಗಿಲಲ್ಲಿ ನಿಂತಿದ್ದವನು ಗಿಡ್ಡನೆಯ, ಹೊಟ್ಟೆ ಸ್ವಲ್ಪ ಮುಂದೆ ಬಂದ, ಅಂಗಿಯ ಕಾಲರು ಮಸಿಯಾದ ಒಬ್ಬ ಸಾಧಾರಣ ಗಂಡಸು. ಅವಳಿಗೆ ಕೊಂಚ ನಿರಾಸೆಯಾಯಿತು, ನಿರಾಸೆಯಾಯಿತಲ್ಲ ಎಂದು ನಾಚಿಕೆಯೂ ಆಯಿತು. ಕುರ್ಚಿಯಲ್ಲಿ ಕೂರಿಸಿ, ದೀಪ ಎಳೆದು, ಎಲ್ಲಿ ನೋವು ಬೆರಳಿಟ್ಟು ತೋರಿಸಿ ಅಂದಳು. ಅವನು ಬೆರಳಿಡಲಿಲ್ಲ. ಇಡೀ ಅಂಗೈಯಿಂದ ಎಡದವಡೆಯನ್ನು ಸವರಿಕೊಂಡ. "ಈಗಿಲ್ಲ ಡಾಕ್ಟ್ರೇ. ಮೆಟ್ಲು ಹತ್ತುವಾಗ ಇತ್ತು. ನಿಮ್ಮ ಕುರ್ಚೀಲಿ ಕೂತ ಮೇಲೆ ಎಲ್ಲೋ ಓಡಿಹೋಯ್ತು."

"ಎಲ್ಲರಿಗೂ ಹಂಗೇ. ನನ್ನ ಡ್ರಿಲ್ ಕಂಡ್ರೆ ನೋವೂ ಹೆದರುತ್ತೆ," ಎಂದಳು. ಇಬ್ಬರೂ ನಕ್ಕರು. ಅವನು ನಗುತ್ತಲೇ ಕೇಳಿದ್ದ, "ಹೊಗೆ ದಟ್ಟವಾಗಿರೋ ದಿನ ಜಾಸ್ತಿ ನೋಯುತ್ತೆ. ಹಲ್ಲಿಗೂ ಹೊಗೆಗೂ ಏನಾದ್ರೂ ಸಂಬಂಧ ಇದೆಯಾ ಡಾಕ್ಟ್ರೇ?" ಅವಳು, "ಹಲ್ಲು ಉಸಿರಾಡಲ್ಲ ರೀ" ಎಂದಿದ್ದಳು. ಅದು ಅವಳಿಗೆ ಅವತ್ತು ಬಹಳ ಚೆನ್ನಾದ ಮಾತು ಎನ್ನಿಸಿತ್ತು. ಸಂಜೆ ಮನೆಗೆ ನಡೆಯುವಾಗ ಮನಸ್ಸಿನಲ್ಲೇ ಇನ್ನೊಂದು ಸಲ ಹೇಳಿಕೊಂಡಿದ್ದಳು. ಎಕ್ಸ್‌ರೇಯಲ್ಲಿ, ಹಿಂದೆ ಯಾವಾಗಲೋ ತುಂಬಿಸಿದ್ದ ಒಂದು ದವಡೆ ಹಲ್ಲಿನ ಬೇರಿನ ಹತ್ತಿರ ತೆಳ್ಳಗೆ ಒಂದು ನೆರಳು ಕಂಡಿತು. ಕಾಣಲೇಬೇಕೆಂದು ನೋಡಿದರೆ ಮಾತ್ರ ಕಾಣುವಂಥ ನೆರಳು. ಬೇರಿನ ಚಿಕಿತ್ಸೆ ಮಾಡಬಹುದು, ನಾಲ್ಕಾರು ಸಲ ಬರಬೇಕಾಗುತ್ತೆ ಅಂದಳು. ಅಷ್ಟು ಸಲ ಪೆಟ್ಟಿಗೆ ಬಿಟ್ಟು ಬರೋಕಾಗಲ್ಲ, ಕಿತ್ತುಬಿಡಿ ಅಂದ. ಕಿತ್ತಳು. ಹಲ್ಲು ಸುಲಭಕ್ಕೆ ಬರಲಿಲ್ಲ, ಗಟ್ಟಿಯಾಗಿ ಹಿಡಿದುಕೊಂಡಿತ್ತು. ಕೈಗೆ ಬಂದಾಗ ಅದರ ಬೇರುಗಳೆರಡೂ ಸ್ವಚ್ಛವಾಗಿದ್ದವು. ಆ ಸ್ವಚ್ಛತೆಯನ್ನು ಅವಳ ಕಣ್ಣು ನೋಡಿತ್ತು, ನೋಡಿ ಆಚೆ ಸರಿದಿತ್ತು. ಅವನು ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ಅದನ್ನು ಬೆಳಕಿಗೆ ಹಿಡಿದು, ಇಷ್ಟು ಚಿಕ್ಕದಾ ಎಂಬಂತೆ ಹುಬ್ಬೇರಿಸಿದ. ಮನೆಗೆ ಒಯ್ಯುತ್ತೇನೆಂದು ಸನ್ನೆ ಮಾಡಿ, ಮರೆತು ಹೋದ. ಅವಳು ಎಸೆಯಲಿಲ್ಲ. ಹತ್ತಿಯಲ್ಲಿ ಸುತ್ತಿ ಮೇಜಿನ ಖಾನೆಯಲ್ಲಿಟ್ಟಳು. ಇಷ್ಟು ವರ್ಷ ಕಿಟಕಿಯಿಂದ ಬರುತ್ತಿದ್ದ ಧ್ವನಿ ತನ್ನ ಕೋಣೆಯೊಳಗೆ, ತನ್ನೊಬ್ಬಳಿಗಾಗಿ ಮಾತಾಡುತ್ತಿದೆ ಎಂಬ ಖುಷಿಯಲ್ಲಿ ಅವಳು ಧ್ವನಿಯನ್ನಷ್ಟೇ ಕೇಳಿದ್ದಳು. ಅದು ಏನು ಹೇಳುತ್ತಿದೆ ಎಂಬುದನ್ನು ಕೇಳಿಸಿಕೊಂಡಿರಲಿಲ್ಲ.

ನಿನ್ನೆ ಸಂಜೆ ಅವನು ಮತ್ತೆ ಬಂದ. ಮೆಟ್ಟಿಲಿನ ತಿರುವಿನಲ್ಲಿ ಹೆಜ್ಜೆ ನಿಂತದ್ದು ಕೇಳಿಸಿತು. ಮೊದಲ ದಿನವೂ ಅಲ್ಲೇ ನಿಂತಿತ್ತು. ಹಲ್ಲಿನ ಡಾಕ್ಟರೆಂದರೆ ದೊಡ್ಡವರೂ ಮಕ್ಕಳೇ, ಯಾರೋ ಧೈರ್ಯ ತಂದುಕೊಳ್ಳುತ್ತಿದ್ದಾರೆ ಎಂದು ಅವಳು ಆಗ ತನ್ನಷ್ಟಕ್ಕೇ ನಕ್ಕಿದ್ದಳು. ಒಳಗೆ ಬಂದವನು, "ಹಲ್ಲು ಹೋಯ್ತು ಡಾಕ್ಟ್ರೇ, ನೋವು ಮಾತ್ರ ಹೋಗ್ಲಿಲ್ಲ. ಮನೆ ಕೆಡವಿದ್ರೂ ಬಾಡಿಗೆಯವನು ಖಾಲಿ ಮಾಡ್ತಿಲ್ಲ," ಅಂದ. ದೀಪ ಹಿಡಿದು ನೋಡಿದಳು. ಗಾಯ ಎಷ್ಟು ಚೆನ್ನಾಗಿ ಮಾಯುತ್ತಿತ್ತೆಂದರೆ ಅವಳಿಗೆ ಹೆದರಿಕೆಯಾಯಿತು. ಚಳಿಯ ಸಂಜೆಯಲ್ಲಿ ಅವನ ಹಣೆ ಒದ್ದೆಯಾಗಿತ್ತು. ಓಡಿ ಬಂದ್ರಾ ಅಂದರೆ, ಇಲ್ಲ, ನಿಧಾನಕ್ಕೇ ಬಂದೆ, ತಿರುವಿನಲ್ಲಿ ನಿಂತು ಸುಧಾರಿಸಿಕೊಂಡು ಬಂದೆ ಅಂದ. ಆಗ ಎಲ್ಲಿಂದಲೋ, ಕಾಲೇಜಿನ ಕೊನೆಯ ಬೆಂಚಿನಿಂದ ಕೇಳಿಸಿದಂತೆ, ನೆಗಡಿ ಧ್ವನಿಯ ಒಬ್ಬ ಮೇಷ್ಟರು ಹೇಳಿದ್ದ ಮಾತು ಬಂತು. ನಡೆದಾಗ ಬಂದು ಕೂತಾಗ ಹೋಗುವ ದವಡೆ ನೋವು ನಿಮ್ಮದಲ್ಲ, ಅದು ಹೃದಯದವರದು, ಅದಕ್ಕೆ ಇಕ್ಕಳ ಹಾಕಬೇಡಿ ಅಂದಿದ್ದರು, ತರಗತಿ ಗೊಳ್ಳೆಂದಿತ್ತು. ಅವಳೂ ನಕ್ಕಿದ್ದಳು. ಈಗ ಅವನ ಬಾಯಿ ತೆರೆದೇ ಇತ್ತು, ಅವಳ ಕೈಯಲ್ಲಿ ಪುಟ್ಟ ಕನ್ನಡಿ. ಈಗಲೇ ಹೃದಯದ ಡಾಕ್ಟರ ಹತ್ತಿರ ಹೋಗಿ ಎನ್ನಬೇಕು. ಎಂದರೆ ಅವನು ಕೇಳುತ್ತಾನೆ, ಹಾಗಾದ್ರೆ ನನ್ನ ಹಲ್ಲು ಯಾಕೆ ಕಿತ್ತಿರಿ? ಅವನು ಕೇಳದಿದ್ದರೂ ತನ್ನ ತಂಗಿ ಕೇಳುತ್ತಾಳೆ. ಅವಳು ಕನ್ನಡಿ ಕೆಳಗಿಟ್ಟಳು. ಒಂದು ಮಾತ್ರೆ ಬರೆದುಕೊಟ್ಟು, "ನಾಳೆ ಮಧ್ಯಾಹ್ನ ಬನ್ನಿ, ಇನ್ನೊಂದ್ಸಲ ನೋಡೋಣ" ಅಂದಳು. ಅವನು ಹಾಗೇ ಆಗ್ಲಿ ಎಂದು ದವಡೆ ಹಿಡಿದುಕೊಂಡು ಇಳಿದು ಹೋದ.

ತಂಗಿ ಹೃದಯದ ಡಾಕ್ಟರು. ಎರಡು ಸಿಗ್ನಲ್ ಆಚೆ ದೊಡ್ಡ ಆಸ್ಪತ್ರೆ, ಅಲ್ಲಿ ಒಂದು ಇಡೀ ವಾರ್ಡು ಅವಳದು. ಸಂಬಂಧಿಕರ ಮನೆಯಲ್ಲಿ ಡಾಕ್ಟ್ರು ಬಂದ್ರು ಅಂದರೆ ತಂಗಿ ಬಂದಳು ಎಂದೇ ಅರ್ಥ, ಇವಳು ಹಲ್ಲಿನವಳು. ಹೋದ ರಜೆಯಲ್ಲಿ ತಂಗಿಯ ಮನೆಯಲ್ಲಿ ಊಟಕ್ಕೆ ಸೇರಿದ್ದಾಗ ಕಿಟಕಿಗಳೆಲ್ಲ ಭದ್ರವಾಗಿ ಮುಚ್ಚಿದ್ದವು, ಮೂಲೆಯಲ್ಲಿ ಗಾಳಿ ಶುದ್ಧ ಮಾಡುವ ಯಂತ್ರ ಹಸಿರು ದೀಪ ಹಚ್ಚಿಕೊಂಡು ಸಣ್ಣಗೆ ಗುನುಗುತ್ತಿತ್ತು. "ಹೊಗೆ ಅಂದ್ರೆ ಕೆಮ್ಮು ಅಂದ್ಕೊಂಡಿದಾರೆ ಜನ," ಎಂದಿದ್ದಳು ತಂಗಿ, ಅನ್ನ ಬಡಿಸುತ್ತ. "ಕೆಮ್ಮು ಬಂದ್ರೆ ಪುಣ್ಯ ಕಣೇ ಅಕ್ಕ. ತೀರಾ ಸಣ್ಣ ಧೂಳಿರುತ್ತಲ್ಲ, ಅದಕ್ಕೆ ಕೆಮ್ಮೂ ಬರಲ್ಲ. ಶ್ವಾಸಕೋಶ ದಾಟ್ಕೊಂಡು ಸೀದಾ ರಕ್ತಕ್ಕೆ ಸೇರುತ್ತೆ. ರಕ್ತನಾಳ ಒಳಗಿಂದ ಊದ್ಕೊಳ್ಳುತ್ತೆ, ಎಲ್ಲೋ ಒಂದ್ಕಡೆ ರಕ್ತ ಹೆಪ್ಪುಗಟ್ಟುತ್ತೆ. ಸಿಗರೇಟು ಮುಟ್ಟದವರೆಲ್ಲ ಬರ್ತಿದಾರೆ. ಹೀಗೆ ಹೊಗೆ ಕೂತ ವಾರ ನನ್ನ ವಾರ್ಡಲ್ಲಿ ಮಂಚ ಸಿಗಲ್ಲ." ಆಮೇಲೆ ಇವಳ ಕಡೆ ತಿರುಗಿ, "ನೀನೇ ಪುಣ್ಯವಂತೆ. ನಿನ್ನ ಪೇಷಂಟು ಯಾರೂ ಸಾಯಲ್ಲ," ಎಂದಳು. ತಂಗಿಯ ಗಂಡ, "ಬಿಲ್ ನೋಡಿ ಸಾಯಬಹುದು" ಅಂದ. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ಅವಳೇ ನಕ್ಕಳು. ಮನೆಗೆ ಬಂದ ಮೇಲೆ ಆ ನಗುವಿನಿಂದ ಕೆನ್ನೆ ನೋಯುತ್ತಿತ್ತು.

ಬೆಳಗ್ಗೆ ಕೈ ತೊಳೆದು ಬಿಳಿ ಕೋಟು ಹಾಕಿಕೊಳ್ಳುವಾಗ ಅವಳು ಔಷಧದ ಬೀರುವಿನಿಂದ ಆಸ್ಪಿರಿನ್ನಿನ ಒಂದು ಪಟ್ಟಿ ತೆಗೆದು ಜೇಬಿಗೆ ಹಾಕಿಕೊಂಡಿದ್ದಳು. ಯಾಕೆಂದು ತನ್ನನ್ನು ಕೇಳಿಕೊಳ್ಳಲಿಲ್ಲ. ಫೋನನ್ನು ಮೇಜಿನ ಮೇಲೆ, ಕೈಗೆ ಸಿಗುವಂತೆ ಇಟ್ಟಳು. ಮೊದಲನೇ ರೋಗಿ ಹೋದ ಮೇಲೆ ತಂಗಿಗೆ ಮಾಡುವುದು ಎಂದುಕೊಂಡಳು. ಮೊದಲನೇ ರೋಗಿ ಹೋದ ಮೇಲೆ ತಂಗಿ ಈಗ ವಾರ್ಡಿನಲ್ಲಿ ಸುತ್ತುತ್ತಿರುತ್ತಾಳೆ, ಸಿಡುಕುತ್ತಾಳೆ ಎನ್ನಿಸಿತು. ಕಿಟಕಿಯಲ್ಲಿ ಧ್ವನಿ ಬಂತು, ಬಂದರಿನ ಕಡೆಯ ಬಸ್ಸು ಹೊಗೆಯಿಂದಾಗಿ ತಡವಾಗಿದೆ, ಪ್ರಯಾಣಿಕರು ಸಹಕರಿಸಬೇಕು. ಕೂಗುತ್ತಿದ್ದಾನಲ್ಲ, ಚೆನ್ನಾಗಿಯೇ ಕೂಗುತ್ತಿದ್ದಾನೆ. ಹಾರ್ಟಿನ ತೊಂದರೆ ಇದ್ದವನು ಇಷ್ಟು ಸ್ಪಷ್ಟವಾಗಿ ಕೂಗುತ್ತಾನೆಯೇ? ಅಲ್ಲದೆ ಮಧ್ಯಾಹ್ನ ಬರುತ್ತಾನೆ, ಆಗ ಎದುರಿಗೇ ಮೆತ್ತಗೆ ಹೇಳಿದರಾಯಿತು, ಒಂದು ಪರೀಕ್ಷೆ ಮಾಡಿಸಿಕೊಂಡು ಬನ್ನಿ, ಹೀಗೇ, ಸುಮ್ಮನೆ, ಎಂದು. ಹಲ್ಲಿನ ಮಾತೇ ಎತ್ತಬೇಕಿಲ್ಲ. ಅವನ ಧ್ವನಿ ಕೇಳಿಸಿದಾಗಲೆಲ್ಲ ಅವಳಿಗೆ ಇನ್ನಷ್ಟು ಹೊತ್ತು ಸಿಕ್ಕಿದ ಹಾಗಾಗುತ್ತಿತ್ತು. ಅವನು ಕೂಗುತ್ತಿರುವಷ್ಟು ಕಾಲ ತಾನು ಫೋನು ಮಾಡಬೇಕಾಗಿಲ್ಲ ಎಂಬಂತೆ ಅವಳು ಆ ಧ್ವನಿಯನ್ನೇ ಊರುಗೋಲು ಮಾಡಿಕೊಂಡಳು. ಇದು ಹೇಡಿತನ ಎಂದು ಅವಳಿಗೆ ಗೊತ್ತಿತ್ತು.

ಆಮೇಲೆ ಬಂದವರು ನಿವೃತ್ತ ಹೆಡ್‌ಮಿಸ್. ಮೇಲಿನ ಹಲ್ಲಿನ ಸೆಟ್ಟು ಸಡಿಲವಾಗಿದೆ, ಹೊಸದು ಬೇಕು. "ಮಾತಾಡೋವಾಗ ಹಲ್ಲು ಒಂದು ಹೇಳುತ್ತೆ, ನಾನೊಂದು ಹೇಳ್ತೀನಿ. ಮೊಮ್ಮಕ್ಕಳು ನಗ್ತಾವೆ," ಎಂದರು. ಅಚ್ಚು ತೆಗೆಯಲು ಅವರ ಬಾಯಿಗೆ ಕಲಸಿದ ಗುಲಾಬಿ ಹಿಟ್ಟನ್ನು ತಟ್ಟೆ ಸಮೇತ ಒತ್ತಿ ಹಿಡಿದಳು. ಅದು ಗಟ್ಟಿಯಾಗುವವರೆಗೆ ಕೋಣೆಯಲ್ಲಿ ಮಾತಿಲ್ಲ. ಆ ಮೌನದಲ್ಲೇ ಅವಳಿಗೆ ಗೊತ್ತಾದದ್ದು: ಧ್ವನಿ ಬಂದು ಬಹಳ ಹೊತ್ತಾಗಿದೆ. ಕೆಳಗೆ ಕಂಡಕ್ಟರುಗಳು ಬಾಯಲ್ಲೇ ಊರು ಕೂಗುತ್ತಿದ್ದರು. ಧ್ವನಿವರ್ಧಕ ಆರಿರಲಿಲ್ಲ, ಗುಂಯ್ ಎನ್ನುತ್ತಿತ್ತು, ಗುಂಡಿ ಎಂದಿನಂತೆ ಹೊತ್ತಿಕೊಂಡೇ ಇರಬೇಕು. ಆ ಗುಂಯ್‌ನೊಳಗೆ ಎಂಜಿನ್ನುಗಳ ಸದ್ದು, ಅದರೊಳಗೆ ಇನ್ನೊಂದು ಸದ್ದು. ಭಾರದ ಮೂಟೆ ಎತ್ತಲು ಹೋಗಿ ಎತ್ತಲಾಗದವನು ಬಿಡುವಂಥ ಉಸಿರು. ಹೆಡ್‌ಮಿಸ್ ಕೂಡ ಕೇಳಿಸಿಕೊಂಡರೋ ಏನೋ, ತುಂಬಿದ ಬಾಯಿಯಿಂದ ಊಂ ಎಂದರು. "ಬಾಯಿ ಅಲ್ಲಾಡಿಸ್ಬೇಡಿ, ಈಗ್ಬಂದೆ," ಎಂದು ಸಹಾಯಕಿಯ ಕೈಯನ್ನು ಆ ತಟ್ಟೆಯ ಮೇಲಿಟ್ಟು, ಫೋನು ಎತ್ತಿಕೊಂಡು ಅವಳು ಮೆಟ್ಟಿಲಿಳಿದಳು.

ರಸ್ತೆ ದಾಟುವಷ್ಟರಲ್ಲಿ ಕಣ್ಣು ಉರಿಯಿತು, ಗಂಟಲು ಕೆರೆಯಿತು. ಕಿಟಕಿಯಲ್ಲಿ ನಿಂತು ದಿನವೂ ನೋಡುವ ಹೊಗೆ ಕೆಳಗೆ ನಿಂತವರಿಗೆ ಬೇರೆಯದೇ ಆಗಿತ್ತು. ಅದಕ್ಕೆ ಬಿಸಿಯಿತ್ತು, ರುಚಿಯಿತ್ತು. ಗಾಜಿನ ಪೆಟ್ಟಿಗೆಯ ಬಾಗಿಲು ತಳ್ಳಿದಳು. ಇಷ್ಟು ಚಿಕ್ಕ ಜಾಗದಿಂದ ಅಷ್ಟು ದೊಡ್ಡ ಧ್ವನಿ ಬರುತ್ತಿತ್ತೇ ಎನ್ನಿಸಿತು. ಫ್ಯಾನಿನ ರೆಕ್ಕೆ ಕಪ್ಪು, ಗೋಡೆ ಕಪ್ಪು, ನೀರಿನ ಬಾಟಲಿಯ ಮುಚ್ಚಳದ ಮೇಲೆ ಸಹ ಕಪ್ಪು ಪುಡಿ. ಅವನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತಿದ್ದ. ಒಂದು ಕೈ ಮೈಕಿನ ಕಂಬ ಹಿಡಿದಿತ್ತು, ಇನ್ನೊಂದು ಎಡದವಡೆಯ ಮೇಲಿತ್ತು. ಮುಖ ಬೂದಿಬಣ್ಣಕ್ಕೆ ತಿರುಗಿತ್ತು, ಅಂಗಿ ಬೆನ್ನಿಗಂಟಿತ್ತು.

"ಬರ್ತಾ ಇದ್ದೆ ಡಾಕ್ಟ್ರೇ," ಎಂದ. "ನಿಮ್ಮ ಮೆಟ್ಲು ನೆನೆಸ್ಕೊಂಡೇ ಸುಸ್ತಾಗೋಯ್ತು."

ಅದೇ ಮಾತು ಒಂದು ಕ್ಷಣ ತಡವಾಗಿ ಹೊರಗೆ, ನಿಲ್ದಾಣದ ಮಾಡಿನಡಿ, ದೊಡ್ಡದಾಗಿ ಕೇಳಿಸಿತು. ಮೈಕಿನ ಬುಡದಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಅವಳು ನೋಡಿದಳು. ಆಗಲೇ ಫೋನಿನಲ್ಲಿ ತಂಗಿಯ ಹೆಸರು ಒತ್ತಿಯಾಗಿತ್ತು. ಎಂದಿನ ಅವಸರದ ದನಿ, "ಅಕ್ಕ, ರೌಂಡ್ಸಲ್ಲಿದೀನಿ, ಆಮೇಲೆ ಮಾಡ್ಲಾ?"

"ಇಲ್ಲ. ಈಗ್ಲೇ ಕೇಳು," ಎಂದಳು. ಅವಳ ಮಾತನ್ನೂ ಮೈಕು ಹಿಡಿದು ಹೊರಗೆ ಎಸೆಯಿತು. ಅವಳ ಕೈ ತಾನಾಗಿ ಗುಂಡಿಯ ಕಡೆ ಹೋಯಿತು. ಕಂಬದ ಮೇಲಿದ್ದ ಅವನ ಬೆರಳುಗಳನ್ನು ಬಿಡಿಸಬೇಕು, ಗುಂಡಿಯನ್ನು ಹೊಡೆದು ಸರಿಮಾಡಬೇಕು. ಅಷ್ಟು ಹೊತ್ತು ಎಲ್ಲಿದೆ? ಕೈ ಹಿಂದಕ್ಕೆ ತೆಗೆದಳು. "ನನ್ನ ಪೇಷಂಟು. ಎಡದವಡೆ ನೋವು. ನಡೆದ್ರೆ ಬರ್ತಿತ್ತು, ಕೂತ್ರೆ ಹೋಗ್ತಿತ್ತು. ಈಗ ಕೂತ್ರೂ ಹೋಗ್ತಿಲ್ಲ. ಸಿಕ್ಕಾಪಟ್ಟೆ ಬೆವರ್ತಿದಾರೆ. ನಾನು ಹಲ್ಲು ಅಂದ್ಕೊಂಡು ಕಿತ್ತೆ. ಹಲ್ಲು ಚೆನ್ನಾಗಿತ್ತು." ಹಲ್ಲು ಚೆನ್ನಾಗಿತ್ತು, ಎಂದಿತು ನಿಲ್ದಾಣ. ತನ್ನ ಧ್ವನಿ ಇಷ್ಟು ಸಣ್ಣ, ಇಷ್ಟು ಒಣಗಿದ್ದು ಎಂದು ಅವಳಿಗೆ ಗೊತ್ತಿರಲಿಲ್ಲ. ರಸ್ತೆಯಾಚೆ ತೆರೆದಿಟ್ಟು ಬಂದ ಕಿಟಕಿಯಿಂದ ಅದು ಒಳಗೆ ಹೋಗಿ, ಹೆಡ್‌ಮಿಸ್ಸಿನ ಕಿವಿಗೂ ಸಹಾಯಕಿಯ ಕಿವಿಗೂ ಬಿದ್ದಿರುತ್ತದೆ. ಬೀಳಲಿ.

ತಂಗಿಯ ದನಿಯಲ್ಲಿ ಒಂದು ಕುಹಕವೂ ಇರಲಿಲ್ಲ. "ಎಲ್ಲಿದೀರಾ? ಬಸ್ ಸ್ಟಾಂಡಾ? ಗಾಡಿ ಕಳಿಸ್ತಿದೀನಿ. ಎದ್ದು ಓಡಾಡೋಕೆ ಬಿಡ್ಬೇಡ. ಆಸ್ಪಿರಿನ್ ಸಿಗುತ್ತಾ?"

"ಜೇಬಲ್ಲಿದೆ."

"ಜೇಬಲ್ಲಾ?" ಎಂದಳು ತಂಗಿ. ಆಮೇಲೆ, "ಅಗಿಯೋಕೆ ಕೊಡು" ಎಂದಳು.

ಅವಳು ಮಾತ್ರೆ ಒಡೆದು ಅವನ ಅಂಗೈಗೆ ಹಾಕಿದಳು. "ಅಗೀರಿ. ನುಂಗ್ಬೇಡಿ, ಅಗೀರಿ." ಅವನು ಬಾಯಿಗೆ ಹಾಕಿಕೊಂಡು ತಡೆದ. "ಆ ಕಡೆಯಿಂದ ಏನೂ ಅಗೀಬೇಡಿ ಅಂದಿದ್ರಲ್ಲ ಡಾಕ್ಟ್ರೇ." "ಯಾವ ಕಡೆಯಿಂದಾದ್ರೂ ಅಗೀರಿ," ಎಂದಳು, ಅಳು ಬಂತು. ಅವನು ಹೇಳಿದ ಮಾತು ಕೇಳುವ ಹುಡುಗನ ಹಾಗೆ ಅಗಿದ. ಅಗಿಯುತ್ತಲೇ ಕೇಳಿದ, "ಆ ಹಲ್ಲು ಚೆನ್ನಾಗಿತ್ತಾ?" "ಚೆನ್ನಾಗಿತ್ತು." "ಹೋಗ್ಲಿ ಬಿಡಿ. ಕೀಳಿ ಅಂದವನು ನಾನೇ ಅಲ್ವಾ," ಎಂದ. ಅವನು ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಅಷ್ಟರಲ್ಲಿ ಪಕ್ಕದ ಅಂಕಣದಿಂದ ಒಂದು ಬಸ್ಸು ಹಿಂದಕ್ಕೆ ಸರಿಯುತ್ತ ಬಂದು, ಒಡೆದ ಗಾಜಿನ ನೇರಕ್ಕೆ ನಿಂತು ಬುಸ್ಸೆಂದು ಹೊಗೆ ಬಿಟ್ಟಿತು. ಪೆಟ್ಟಿಗೆ ಮಬ್ಬಾಯಿತು. ಅವನು ಬಾಯಿ ತೆರೆದು ಉಸಿರಿಗೆ ಹುಡುಕಾಡಿದ. ಅವಳು ಮೈಕಿನ ಹತ್ತಿರ ಬಾಗಿದಳು. ಏನು ಹೇಳಬೇಕೆಂದು ಗೊತ್ತಿರಲಿಲ್ಲ, ಅವನು ದಿನವೂ ಹೇಳುವುದೇ ಬಾಯಿಗೆ ಬಂತು. "ಪ್ರಯಾಣಿಕರ ಗಮನಕ್ಕೆ. ಡ್ರೈವರುಗಳ ಗಮನಕ್ಕೆ. ಎಂಜಿನ್ ಆರಿಸಿ. ದಯವಿಟ್ಟು ಎಲ್ಲ ಬಸ್ಸು ಆರಿಸಿ. ಇಲ್ಲಿ 'ರೇಡಿಯೋ'ಗೆ ಉಸಿರಾಡೋಕಾಗ್ತಿಲ್ಲ." ಒಂದು ಎಂಜಿನ್ ನಿಂತಿತು. ಆಮೇಲೆ ಅದರ ಆಚೆಯದು. ಆರಿಸಿದ್ರೆ ಮತ್ತೆ ಸ್ಟಾರ್ಟ್ ಆಗಲ್ಲ ಎಂದು ಯಾರೋ ಹೇಳಿದ್ದು ಕೇಳಿಸಿತು, ಆರಿಸೋ ಎಂದು ಇನ್ನೊಬ್ಬರು ಗದರಿದ್ದೂ ಕೇಳಿಸಿತು. ಒಂದೊಂದಾಗಿ ಎಲ್ಲವೂ ನಿಂತ ಮೇಲೆ ನಿಲ್ದಾಣಕ್ಕೆ ಅಭ್ಯಾಸವೇ ಇಲ್ಲದ ಒಂದು ಮೌನ ಬಂತು. ಎಲ್ಲೋ ಮಗುವೊಂದು ಅಳುತ್ತಿತ್ತು. ಜನ ಚೀಲ ಹಿಡಿದುಕೊಂಡು ಗಾಜಿನ ಪೆಟ್ಟಿಗೆಯ ಕಡೆಗೇ ನೋಡುತ್ತ ನಿಂತಿದ್ದರು. ಆ ಮೌನದಲ್ಲಿ ಧ್ವನಿವರ್ಧಕದಿಂದ ಅವನ ಉಸಿರೊಂದೇ, ಹತ್ತುತ್ತ ಇಳಿಯುತ್ತ, ಎಲ್ಲರ ತಲೆಯ ಮೇಲೂ ಕೇಳುತ್ತಿತ್ತು. ಅವಳು ಅವನ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಇಷ್ಟು ವರ್ಷಗಳಲ್ಲಿ ಮನುಷ್ಯರ ಬಾಯಿಯೊಳಗೆ ಬಿಟ್ಟು ಬೇರೆಲ್ಲೂ ಅವಳು ಯಾರನ್ನೂ ಇಷ್ಟು ಹೊತ್ತು ಮುಟ್ಟಿರಲಿಲ್ಲ.

ಆಂಬುಲೆನ್ಸು ಅವನನ್ನು ಹೊತ್ತುಕೊಂಡು ಗೇಟು ದಾಟಿದ್ದೇ ತಡ, ಎಂಜಿನ್ನುಗಳು ಮತ್ತೆ ಹೊತ್ತಿಕೊಂಡವು. ಯಾರೂ ಕೂಗಬೇಕಾಗಲಿಲ್ಲ. ಅವಳು ರಸ್ತೆ ದಾಟಿ ಮೇಲೆ ಬಂದಾಗ ಹೆಡ್‌ಮಿಸ್ ಬಾಯಿ ತೊಳೆದುಕೊಂಡು, ಕರವಸ್ತ್ರ ಮಡಿಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅಚ್ಚು ಚೆನ್ನಾಗಿ ಬಂದಿತ್ತು. ಅವರು ಎದ್ದು, ಮೇಜಿನ ಮೇಲಿದ್ದ ತಮ್ಮ ಹಳೇ ಸೆಟ್ಟನ್ನು ಚೀಲಕ್ಕೆ ಹಾಕಿಕೊಂಡು, "ನಂದೆಲ್ಲಾ ನೀವೇ ಕಿತ್ತಿದ್ದಲ್ವಾ," ಎಂದರು. ಅವಳು ಹೌದೆಂದಳು. ಅವರು ಇನ್ನೇನೋ ಕೇಳಲು ಹೋಗಿ, ಬೇಡವೆಂದುಕೊಂಡು, ಜೋಪಾನವಾಗಿ ಮೆಟ್ಟಿಲಿಳಿದರು. ಕಾಯುತ್ತಿದ್ದ ಗಂಡಹೆಂಡತಿ ಆಗಲೇ ಎದ್ದು ಹೋಗಿದ್ದರು. ಸಹಾಯಕಿ ಅವಳ ಮುಖ ನೋಡಲಿಲ್ಲ, ಇಕ್ಕಳಗಳನ್ನು ಕುದಿಯುವ ನೀರಿಗೆ ಹಾಕುತ್ತಲೇ ಇದ್ದಳು.

ಮಧ್ಯಾಹ್ನವೆಲ್ಲ ಯಾರೂ ಬರಲಿಲ್ಲ. ಆ ಪೆಟ್ಟಿಗೆಯ ಮೈಕನ್ನು ಯಾರೂ ಆರಿಸಿರಲಿಲ್ಲ. ಊಟದ ಡಬ್ಬಿಯ ಮುಚ್ಚಳ ತೆಗೆದು ಕೂತವಳಿಗೆ ಖಾಲಿ ಪೆಟ್ಟಿಗೆ ಕೇಳಿಸಿತು. ಫ್ಯಾನಿನ ಕಿರ್ ಕಿರ್, ಗಾಜಿನ ಪಕ್ಕದಲ್ಲೇ ಬಸ್ಸು ಸರಿಯುವ ಗುಡುಗು, ಬುಸ್ಸೆನ್ನುವ ಹೊಗೆ, ಮತ್ತೆ ಇನ್ನೊಂದು ಬಸ್ಸು. ಇಷ್ಟು ವರ್ಷ ಅವನ ಧ್ವನಿಯ ಹಿಂದೆ ಇದೆಲ್ಲ ಇತ್ತು, ಅವಳು ಕೇಳಿರಲಿಲ್ಲ. ಆ ಸದ್ದಿನ ನಡುವೆ ಅವನು ಉಸಿರು ಎಳೆದುಕೊಂಡು, ಗಂಟಲು ಸರಿಮಾಡಿಕೊಂಡು, ಸಹಕರಿಸಬೇಕು ಎಂದು ಜನರನ್ನು ಕೇಳಿಕೊಳ್ಳುತ್ತಿದ್ದ. ಅವಳು ಒಂದು ತುತ್ತೂ ತಿನ್ನದೆ ಡಬ್ಬಿ ಮುಚ್ಚಿದಳು.

ಹೊರಗೆ ಬೆಳಕು ಕಂದುವ ಹೊತ್ತಿಗೆ ತಂಗಿ ಫೋನು ಮಾಡಿದಳು. "ಉಳ್ಕೊಂಡ್ರು," ಎಂದಳು ಮೊದಲೇ. ಅವಳು ಕುರ್ಚಿಯ ಕೈ ಹಿಡಿದುಕೊಂಡಳು, ರೋಗಿಗಳು ಹಿಡಿಯುವ ಹಾಗೆ. "ಕಟ್ಟಿದ್ದ ನಾಳ ಬಿಡಿಸಿದೀವಿ. ಆದ್ರೆ ಹೃದಯದ ಒಂದು ಭಾಗ ಹೋಗಿದೆ ಅಕ್ಕ. ಅದು ಮತ್ತೆ ಬರಲ್ಲ. ನಿನ್ನೆ ಬಂದಿದ್ರೆ…" ತಂಗಿ ಮುಂದೆ ಹೇಳಲಿಲ್ಲ. ಯಾವ ಮಾತನ್ನೂ ಅರ್ಧಕ್ಕೆ ಬಿಡುವವಳಲ್ಲ ಅವಳು. ಜೇಬಿನಲ್ಲಿ ಆಸ್ಪಿರಿನ್ ಇದ್ದದ್ದು ಅವಳಿಗೂ ನೆನಪಾಗಿರಬೇಕು. ಆಮೇಲೆ ತಂಗಿ ಎಂದಳು, "ಎಚ್ಚರ ಆದಾಗಿಂದ ಒಂದೇ ಕೇಳ್ತಿದಾರೆ, ಮತ್ತೆ ಯಾವಾಗಿಂದ ಕೂಗಬಹುದು ಅಂತ. ಆ ಹೊಗೇಲಿ ಇನ್ನು ಕೂರೋ ಹಾಗೇ ಇಲ್ಲ. ನಾನಿನ್ನೂ ಹೇಳಿಲ್ಲ. ನೀನು ಬಂದು ಹೇಳ್ತೀಯಾ? ನೀನಂದ್ರೆ ಗೌರವ ಅವರಿಗೆ."

"ಬರ್ತೀನಿ," ಎಂದಳು.

ಫೋನು ಇಟ್ಟ ಮೇಲೆ ಕೆಳಗೆ ಯಾರೋ ಕೊನೆಗೂ ಗುಂಡಿಯನ್ನು ಎರಡು ಸಲ ಬಡಿದರು. ಟಕ್ ಎಂದು ಧ್ವನಿವರ್ಧಕ ಸತ್ತಿತು. ಸಹಾಯಕಿ ಕೈಚೀಲ ಹಿಡಿದು ಬಾಗಿಲಲ್ಲಿ ನಿಂತವಳು, ಅಭ್ಯಾಸಬಲದಿಂದ, "ಕಿಟಕಿ ಹಾಕ್ಲಾ ಮೇಡಂ?" ಎಂದಳು. "ಹಾಕು," ಎಂದಳು ಅವಳು. ಸಹಾಯಕಿ ನಂಬದವಳಂತೆ ಒಮ್ಮೆ ನೋಡಿ, ಹೋಗಿ ಚಿಲಕ ಹಾಕಿ, ಹೊರಟು ಹೋದಳು.

ಅವಳು ಮೇಜಿನ ಖಾನೆ ತೆರೆದು, ಹತ್ತಿಯಲ್ಲಿ ಸುತ್ತಿದ್ದ ಹಲ್ಲನ್ನು ತೆಗೆದುಕೊಂಡಳು. ಅವನು ಮನೆಗೆ ಒಯ್ಯುತ್ತೇನೆಂದು ಸನ್ನೆ ಮಾಡಿದ್ದ, ಕೊಡಬೇಕು. ದೀಪ ಆರಿಸಿ, ಬೀಗ ಹಾಕಿ ಮೆಟ್ಟಿಲಿಳಿದಳು. ತಿರುವಿಗೆ ಬಂದಾಗ ಕಾಲು ನಿಂತವು. ಅವನು ಸುಧಾರಿಸಿಕೊಳ್ಳುತ್ತಿದ್ದ ಜಾಗ. ಗೋಡೆಯ ಸುಣ್ಣದ ಮೇಲೆ, ಆತು ನಿಂತವನ ಅಂಗೈ ಎತ್ತರಕ್ಕೆ, ಮಸಿಯ ಕಲೆಯಿತ್ತು. ದಿನವೂ ಎರಡು ಸಲ ಇದರ ಪಕ್ಕದಲ್ಲೇ ಹತ್ತಿ ಇಳಿದವಳು ಇವತ್ತು ನೋಡಿದಳು. ಹಲ್ಲು ಚೆನ್ನಾಗಿತ್ತು ಎಂಬುದನ್ನು ಅವನಿಗೂ ಊರಿಗೂ ಹೇಳಿಯಾಗಿತ್ತು. ಹೇಳಬೇಕಾದದ್ದು ಇನ್ನೊಂದು ಉಳಿದಿತ್ತು, ಅದನ್ನು ಯಾವ ಮೈಕೂ ಕೇಳಿಸಿಕೊಂಡಿರಲಿಲ್ಲ. ಬಾಯಿಗೆ ಬರುತ್ತದೋ ಇಲ್ಲವೋ ನೋಡೋಣ ಎಂದು ಅವಳು ಗಂಟಲು ಸರಿಮಾಡಿಕೊಂಡಳು.

"ನಿನ್ನೆ ಸಂಜೇನೇ ನಂಗೆ ಗೊತ್ತಿತ್ತು," ಎಂದಳು, ಗಟ್ಟಿಯಾಗಿ.

ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಅವಳು ಗೋಡೆಯ ಆ ಕಲೆಯ ಮೇಲೆ ಕೈಯಿಟ್ಟು, ಉಳಿದ ಮೆಟ್ಟಿಲುಗಳನ್ನು ಇಳಿಯತೊಡಗಿದಳು.